ವಿಮೆ ಇಲ್ಲದವರಿಗೆ ಕಣ್ಣಿನ ಪೊರೆ ಆಪರೇಷನ್: ಬೆಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಖಾಸಗಿ ಕಣ್ಣಾಸ್ಪತ್ರೆಗಳಲ್ಲಿ ಒಂದು ಕಣ್ಣಿನ ಪೊರೆ ತೆಗೆಯಲು 30,000–40,000 ರೂಪಾಯಿ ಕೇಳುವುದು ಈಗ ಸಾಮಾನ್ಯ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದವರಿಗೆ ಅದು ಉಚಿತ. ಖಾಸಗಿ ಮೆಡಿಕಲ್ ಕಾಲೇಜುಗಳ ಜನರಲ್ ವಾರ್ಡಿನಲ್ಲೂ ಖರ್ಚು ಬಹಳ ಕಡಿಮೆ. ಇಷ್ಟು ಸಂಗತಿ ಹೆಚ್ಚಿನವರಿಗೆ ಗೊತ್ತಿದೆ. ಆದರೂ ಅಲ್ಲಿಗೆ ಹೋದವರಲ್ಲಿ ಬಹಳಷ್ಟು ಮಂದಿಯ ಕಥೆ ಹೋದ ಪುಟ್ಟ ಬಂದ ಪುಟ್ಟ ಎಂಬಂತಾಗುತ್ತದೆ. ಒಬ್ಬರು ಹನ್ನೊಂದು ಗಂಟೆಗೆ ಹೋಗಿ ಚೀಟಿ ಸಿಗದೆ ಮರಳುತ್ತಾರೆ. ಇನ್ನೊಬ್ಬರಿಗೆ ಆಪರೇಷನ್ ದಿನವೇ ಶುಗರ್ 280 ಬಂದು ಮುಂದಕ್ಕೆ ಹಾಕುತ್ತಾರೆ. ಮತ್ತೊಬ್ಬರ ಜೊತೆ ಯಾರೂ ಬಂದಿರುವುದಿಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ಹೋಗುವ ಉತ್ಸಾಹವೇ ಇರುವುದಿಲ್ಲ, ಕಣ್ಣು ಮಾತ್ರ ಮಂಜಾಗುತ್ತಲೇ ಹೋಗುತ್ತದೆ.

ಇಲ್ಲಿ ಅಡ್ಡಿಯಾಗುವುದು ಹಣಕ್ಕಿಂತ ಹೆಚ್ಚಾಗಿ ಹೆಜ್ಜೆಗಳ ಕ್ರಮ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

## ಹಂತ 1: ನಿಜವಾಗಿಯೂ ನಿಮಗೆ ಯಾವ ರಕ್ಷಣೆಯೂ ಇಲ್ಲವೇ ನೋಡಿಕೊಳ್ಳಿ

"ನಮಗೆ ಇನ್ಶೂರೆನ್ಸ್ ಇಲ್ಲ" ಎನ್ನುವ ಮನೆಗಳಲ್ಲಿ ಒಂದು ವಿಷಯ ಆಗಾಗ ಕಣ್ತಪ್ಪುತ್ತದೆ. ಮಗನೋ ಮಗಳೋ ಪೀಣ್ಯದ ಕಾರ್ಖಾನೆಯಲ್ಲೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲೋ ಕೆಲಸದಲ್ಲಿದ್ದು, ಸಂಬಳದ ಚೀಟಿಯಲ್ಲಿ ಕಾರ್ಮಿಕರ ಸರ್ಕಾರಿ ವಿಮೆಯಾದ ಈಎಸ್‌ಐ ಕಡಿತ ಇದ್ದರೆ, ಅವರನ್ನೇ ನಂಬಿಕೊಂಡಿರುವ ತಂದೆತಾಯಿಗೂ ಆ ಸೌಲಭ್ಯ ಸಿಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಈಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಈಎಸ್‌ಐ ದಾಖಲೆಯಲ್ಲಿ ತಂದೆತಾಯಿಯ ಹೆಸರು ಸೇರಿದೆಯೇ ಎಂದು ಮೊದಲು ನೋಡಿ. ಸೇರಿರದಿದ್ದರೆ ಕೆಲಸದ ಜಾಗದ ಎಚ್‌ಆರ್‌ಗೆ ಹೇಳಿ ಸೇರಿಸಿ. ಆಗ ರಾಜಾಜಿನಗರದ ಈಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆಯ ದಾರಿ ತೆರೆಯುತ್ತದೆ.

ಎರಡನೆಯದು ರೇಷನ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ಎಪಿಎಲ್ ಕಾರ್ಡ್ ಎಂದು ಅದನ್ನು ಮನೆಯಲ್ಲೇ ಬಿಟ್ಟು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಪೊರೆ ಕಾಣಿಸಿಕೊಂಡ ಮೇಲೆ ಅವಸರದಲ್ಲಿ ಖಾಸಗಿ ಆರೋಗ್ಯ ವಿಮೆ ಕೊಳ್ಳಬೇಡಿ. ಬಹುತೇಕ ಪಾಲಿಸಿಗಳಲ್ಲಿ ಕಣ್ಣಿನ ಪೊರೆಗೆ 2 ವರ್ಷ ಕಾಯಬೇಕೆಂಬ ಷರತ್ತು ಇರುತ್ತದೆ. ಕಟ್ಟಿದ ಪ್ರೀಮಿಯಂ ಈ ಆಪರೇಷನ್ನಿಗೆ ಒದಗುವುದಿಲ್ಲ.

## ಹಂತ 2: ಪೊರೆಯೇ ಹೌದೇ, ಈಗಲೇ ತೆಗೆಸಬೇಕೇ ಎಂದು ತಿಳಿಯಿರಿ

ಪೊರೆ ನೋವಿಲ್ಲದೆ ನಿಧಾನವಾಗಿ ಬರುತ್ತದೆ. ಎದುರಿನಿಂದ ಬರುವ ಗಾಡಿಯ ಬೆಳಕು ಚದುರಿದಂತೆ ಕಾಣುವುದು, ಬಸ್ಸಿನ ಬೋರ್ಡು ಓದಲಾಗದಿರುವುದು, ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದು, ಅಕ್ಕಿಯಲ್ಲಿ ಕಲ್ಲು ಕಾಣದಿರುವುದು, ಇವೆಲ್ಲ ಅದರ ಲಕ್ಷಣ. ಮಂಜಾಗುವುದೆಲ್ಲ ಪೊರೆಯಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆ ಹಾಳಾದರೂ, ಕಣ್ಣಿನ ಒತ್ತಡ ಹೆಚ್ಚಾಗಿ ನರ ಸವೆದರೂ ಕಣ್ಣು ಮಂಜಾಗುತ್ತದೆ. ಅಂಥ ಕಣ್ಣಿನಲ್ಲಿ ಬರೀ ಪೊರೆ ತೆಗೆದರೆ ನಿರೀಕ್ಷಿಸಿದಷ್ಟು ದೃಷ್ಟಿ ಬರುವುದಿಲ್ಲ. ಆದ್ದರಿಂದ ಪರೀಕ್ಷೆಯಾದ ಮೇಲೆ ಡಾಕ್ಟರನ್ನು ನೇರವಾಗಿ ಕೇಳಿ: "ಡಾಕ್ಟ್ರೇ, ಹಿಂದಿನ ಪರದೆ ಮತ್ತು ನರ ಸರಿಯಾಗಿದೆಯಾ? ಆಪರೇಷನ್ ಆದಮೇಲೆ ಎಷ್ಟು ಕಾಣಿಸಬಹುದು?"

"ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ" ಎಂದು ವರ್ಷಗಟ್ಟಲೆ ಕಾಯುವುದು ಹಳೆಯ ಕಾಲದ ಮಾತು. ಈಗಿನ ವಿಧಾನಕ್ಕೆ ಬಲಿಯಬೇಕಾಗಿಲ್ಲ. ದಿನದ ಕೆಲಸಕ್ಕೆ ತೊಂದರೆಯಾಗತೊಡಗಿದರೆ ಅದೇ ಸರಿಯಾದ ಸಮಯ. ಅತಿಯಾಗಿ ಬಲಿತ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ, ಕೆಲವೊಮ್ಮೆ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಮಂಜಾಗಿದ್ದ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ತಲೆನೋವು, ವಾಂತಿ ಸೇರಿಕೊಂಡರೆ ಓಪಿಡಿ (ಹೊರರೋಗಿ ವಿಭಾಗ) ದಿನಕ್ಕೆ ಕಾಯದೆ ಅಂದೇ ಎಮರ್ಜೆನ್ಸಿಗೆ ಹೋಗಿ.

ಬೇಸಿಗೆಯಲ್ಲಿ ಮಾಡಿಸಬಾರದು, ದೀಪಾವಳಿ ಕಳೆಯಲಿ ಎನ್ನುವುದಕ್ಕೂ ಆಧಾರವಿಲ್ಲ. ಪೊರೆ ಕರಗಿಸುವ ಹನಿ ಎಂದು ಮಾರುವುದನ್ನು ಕೊಳ್ಳಬೇಡಿ. ಅಂಥ ಔಷಧಿ ಇಲ್ಲ.

## ಹಂತ 3: ಆಸ್ಪತ್ರೆ ಆರಿಸಿ

ಮನೆಗೆ ಹತ್ತಿರವಿರುವುದೇ ಮೊದಲ ಅರ್ಹತೆ ಎಂದು ನನ್ನ ಅಭಿಪ್ರಾಯ. ಪರೀಕ್ಷೆ, ಆಪರೇಷನ್ನಿಗೆ ಮೈ ಸರಿಯಿದೆಯೇ ಎಂದು ನೋಡುವ ಫಿಟ್ನೆಸ್, ಆಪರೇಷನ್, ಮರುದಿನ, ಒಂದು ವಾರ, ಒಂದು ತಿಂಗಳು ಎಂದು ಹಲವು ಸಲ ಓಡಾಡಬೇಕಾಗುತ್ತದೆ. ವೈಟ್‌ಫೀಲ್ಡಿನಲ್ಲಿ ಇರುವವರು ಮಾರ್ಕೆಟ್ಟಿಗೂ, ಚಾಮರಾಜಪೇಟೆಯವರು ವೈಟ್‌ಫೀಲ್ಡಿಗೂ ಹೋಗತೊಡಗಿದರೆ ಕೊನೆಯ ಭೇಟಿಗಳು ತಪ್ಪುತ್ತವೆ. ಆ ಭೇಟಿಗಳೇ ಮುಖ್ಯ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ಹೆಸರು ಮಿಂಟೋ. ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ ಇದು ಕಣ್ಣಿಗಾಗಿಯೇ ಇರುವ ಆಸ್ಪತ್ರೆ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಕಣ್ಣಿನ ಹಿಂಪರದೆ, ಕರಿಗುಡ್ಡೆಯ ತೊಂದರೆಯೂ ಇರುವವರಿಗೆ ಇದೇ ಸೂಕ್ತ, ಎಲ್ಲ ವಿಭಾಗವೂ ಒಂದೇ ಕಡೆ ಇದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗವಿದೆ.

ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ವಿ.ವಿ. ಪುರಂನ ಕಿಮ್ಸ್, ಕೋರಮಂಗಲದ ಸೇಂಟ್ ಜಾನ್ಸ್, ಮತ್ತಿಕೆರೆ ಬಳಿಯ ರಾಮಯ್ಯ, ವೈಟ್‌ಫೀಲ್ಡಿನ ವೈದೇಹಿ, ಕಾಡುಗೊಂಡನಹಳ್ಳಿಯ ಅಂಬೇಡ್ಕರ್ ಮೆಡಿಕಲ್ ಕಾಲೇಜು, ಮೈಸೂರು ರಸ್ತೆಯ ರಾಜರಾಜೇಶ್ವರಿ ಮೆಡಿಕಲ್ ಕಾಲೇಜು, ಹೀಗೆ ನಗರದ ದಿಕ್ಕುದಿಕ್ಕಿಗೆ ಇವೆ. ಇವುಗಳಲ್ಲಿ ಕಣ್ಣಿನ ವಿಭಾಗದ ಪಿಜಿ ವಿದ್ಯಾರ್ಥಿಗಳಿಗೆ ಕಲಿಯಲು ರೋಗಿಗಳು ಬೇಕು, ಜನರಲ್ ವಾರ್ಡಿನ ಹಾಸಿಗೆಗಳು ತುಂಬಿರಬೇಕು. ಕಡಿಮೆ ದರಕ್ಕೆ ಕಾರಣ ಇದೇ. ಒಂದೇ ಆಸ್ಪತ್ರೆಯಲ್ಲಿ ಜನರಲ್ ಓಪಿಡಿ, ಪ್ರೈವೇಟ್ ಓಪಿಡಿ ಎಂದು ಎರಡು ಕೌಂಟರ್ ಇರುತ್ತವೆ. ಪ್ರೈವೇಟ್ ಕೌಂಟರಿನಲ್ಲಿ ಚೀಟಿ ಮಾಡಿಸಿದರೆ ದರಪಟ್ಟಿಯೇ ಬೇರೆ. ಚೀಟಿ ಮಾಡಿಸುವಾಗಲೇ "ಜನರಲ್" ಎಂದು ಸ್ಪಷ್ಟವಾಗಿ ಹೇಳಿ. ಬಹಳ ಜನ ಎಡವುವುದು ಇಲ್ಲೇ.

ಮೆಡಿಕಲ್ ಕಾಲೇಜುಗಳೂ ಧರ್ಮಾರ್ಥ ಆಸ್ಪತ್ರೆಗಳೂ ನಡೆಸುವ ಕಣ್ಣಿನ ಕ್ಯಾಂಪುಗಳದು ಇನ್ನೊಂದು ದಾರಿ. ತಪಾಸಣೆ ಮಾಡಿ, ಬಸ್ಸಿನಲ್ಲಿ ಕರೆದೊಯ್ದು, ಆಪರೇಷನ್ ಮಾಡಿ ವಾಪಸ್ ಬಿಡುತ್ತಾರೆ. ಕುಂದಲಹಳ್ಳಿ ಗೇಟಿನ ಶಂಕರ ಕಣ್ಣಿನ ಆಸ್ಪತ್ರೆ ಹಳ್ಳಿಗಳ ಬಡವರಿಗಾಗಿ ಈ ರೀತಿ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಕ್ಯಾಂಪಿಗೆ ಹೋಗುವ ಮೊದಲು ಇಷ್ಟನ್ನು ಖಚಿತ ಮಾಡಿಕೊಳ್ಳಿ: ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ ಆಗುತ್ತದೆಯೇ, ಆಮೇಲೆ ತೊಂದರೆಯಾದರೆ ಯಾವ ಫೋನ್ ನಂಬರಿಗೆ ಕರೆ ಮಾಡಬೇಕು, ಎಲ್ಲಿಗೆ ಬರಬೇಕು. ಈ ಉತ್ತರ ಕೊಡದ ಕ್ಯಾಂಪು ಬೇಡ.

## ಹಂತ 4: ಒಂದು ಚೀಲ ಸಿದ್ಧ ಮಾಡಿ

ಆಧಾರ್, ರೇಷನ್ ಕಾರ್ಡ್, ಎರಡರದೂ ಮೂರು ಮೂರು ಜೆರಾಕ್ಸ್, ಎರಡು ಫೋಟೋ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಪಟ್ಟಿ ಬರೆಯುವುದು ಕಷ್ಟವಾದರೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ. ಹಳೆಯ ಕನ್ನಡಕ, ಹಳೆಯ ಕಣ್ಣಿನ ಚೀಟಿಗಳು, ಹೃದಯ ಅಥವಾ ಕಿಡ್ನಿಗೆ ಚಿಕಿತ್ಸೆ ಆಗಿದ್ದರೆ ಆ ಡಿಸ್ಚಾರ್ಜ್ ಸಮ್ಮರಿ. ಎಲ್ಲವೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಇರಲಿ.

ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮನೆಯಲ್ಲೇ ನೋಡಿ. ಒಂದರಲ್ಲಿ "ಲಕ್ಷ್ಮಮ್ಮ", ಇನ್ನೊಂದರಲ್ಲಿ "ಲಕ್ಷ್ಮೀದೇವಮ್ಮ" ಎಂದಿದ್ದರೆ, ಅಥವಾ ಅತ್ತೆಯ ಹೆಸರು ಮಗನ ಕಾರ್ಡಿನಲ್ಲಿ ಸೇರಿರದಿದ್ದರೆ ಯೋಜನೆಯ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಅದನ್ನು ಸರಿಪಡಿಸಲು ದಿನ ಹಿಡಿಯುತ್ತದೆ, ಆದ್ದರಿಂದ ಕಣ್ಣಿನ ಪರೀಕ್ಷೆಗೆ ಹೋಗುವ ಮೊದಲೇ ಆ ಕೆಲಸ ಶುರು ಮಾಡಿ.

## ಹಂತ 5: ಮೊದಲ ಓಪಿಡಿ ದಿನ

ಬೆಳಗ್ಗೆ ತಿಂಡಿ ತಿಂದು, ಬಿಪಿ–ಶುಗರ್ ಮಾತ್ರೆ ನುಂಗಿ, 8.30ರ ಹೊತ್ತಿಗೆ ಕೌಂಟರ್ ಮುಂದೆ ಇರಿ. ಅಂದು ಇಡೀ ದಿನ ಹೋಗುತ್ತದೆ ಎಂದುಕೊಂಡೇ ಹೊರಡಿ, ಮಧ್ಯಾಹ್ನದ ಊಟ ಕಟ್ಟಿಕೊಳ್ಳಿ.

ಮೊದಲು ಅಕ್ಷರ ಓದಿಸಿ ದೃಷ್ಟಿ ಅಳೆಯುತ್ತಾರೆ. ಆಮೇಲೆ ಗಲ್ಲ ಇಟ್ಟು ಕೂರುವ ಯಂತ್ರದಲ್ಲಿ ಕಣ್ಣು ನೋಡುತ್ತಾರೆ, ಒತ್ತಡ ಅಳೆಯುತ್ತಾರೆ. ನಂತರ ಪಾಪೆ ಹಿಗ್ಗಿಸುವ ಹನಿ ಹಾಕಿ ಬೆಂಚಿನ ಮೇಲೆ ಕೂರಿಸುತ್ತಾರೆ. ಇದಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು, ಹನಿಯನ್ನು ಎರಡು ಮೂರು ಸಲ ಹಾಕಬೇಕಾಗಬಹುದು. "ನಮ್ಮನ್ನು ಮರೆತೇಬಿಟ್ಟರು" ಎಂದು ಎದ್ದು ಹೋದರೆ ಸರದಿಯೂ ಹೋಗುತ್ತದೆ, ಹನಿಯೂ ವ್ಯರ್ಥ. ಹಿಗ್ಗಿದ ಪಾಪೆ ಕೆಲವು ಗಂಟೆ ಹಾಗೇ ಇರುತ್ತದೆ, ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಂಜಾಗುತ್ತದೆ. ಆದ್ದರಿಂದ ಸ್ಕೂಟರ್ ಓಡಿಸಿಕೊಂಡು ಬರಬೇಡಿ, ಮೊದಲ ದಿನವೂ ಜೊತೆಗೆ ಒಬ್ಬರು ಇರಲಿ.

ಪೊರೆ ಎಂದು ತೀರ್ಮಾನವಾದರೆ ಅದರ ಜಾಗದಲ್ಲಿ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಎ-ಸ್ಕ್ಯಾನ್ ಮಾಡುತ್ತಾರೆ. ಪೊರೆ ತುಂಬಾ ದಟ್ಟವಾಗಿ ಒಳಗೆ ಏನೂ ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಇನ್ನೊಂದು ಸ್ಕ್ಯಾನ್ ಬೇಕಾಗುತ್ತದೆ. ಕಣ್ಣೀರಿನ ನಾಳ ಕಟ್ಟಿದೆಯೇ ಎಂದು ನೀರು ಬಿಟ್ಟು ನೋಡುತ್ತಾರೆ. ನೀರು ಗಂಟಲಿಗೆ ಬಂದರೆ ನಾಳ ತೆರೆದಿದೆ ಎಂದರ್ಥ. ನಾಳದಲ್ಲಿ ಕೀವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಪೊರೆ. ಈ ಕ್ರಮಕ್ಕೆ ಬೇಸರಪಡಬೇಡಿ, ಕೀವು ಇದ್ದಾಗ ಕಣ್ಣಿಗೆ ಆಪರೇಷನ್ ಮಾಡಿದರೆ ಸೋಂಕು ಒಳಗೆ ಹೋಗುತ್ತದೆ.

ಈ ಪರೀಕ್ಷೆಗಳನ್ನು ಹೊರಗಿನ ಲ್ಯಾಬಿನಲ್ಲಿ ಮುಂಚಿತವಾಗಿ ಮಾಡಿಸಿಕೊಂಡು ಹೋದರೆ ಬೇಗ ಆಗುತ್ತದೆ ಎಂದು ಕೆಲವರು ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ. ಆಪರೇಷನ್ ಮಾಡುವವರು ಲೆನ್ಸಿನ ಲೆಕ್ಕವನ್ನು ತಮ್ಮಲ್ಲೇ ಮತ್ತೆ ಮಾಡುತ್ತಾರೆ. ಆ ದುಡ್ಡು ಉಳಿಸಿ.

ಮನೆಗೆ ಹೊರಡುವ ಮೊದಲು ಯೋಜನೆಯ ಕೌಂಟರಿಗೆ, ಅಂದರೆ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರ ಕೂರುವ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯಡಿ ಮಾಡಿಸಬೇಕೆಂದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಅದಿಲ್ಲದೆ ಮೊದಲು ಅಡ್ಮಿಟ್ ಆಗಿ, ಆಮೇಲೆ ಕಾರ್ಡು ತೋರಿಸಿದರೆ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.

## ಹಂತ 6: ಮೈ ಸಿದ್ಧವಾಗಿರಲಿ, ಅತಿ ಹೆಚ್ಚು ಜನ ಸೋಲುವುದು ಇಲ್ಲಿ

ಆಪರೇಷನ್ ಡೇಟ್ ಕೊಟ್ಟ ಮೇಲೆ ರಕ್ತಪರೀಕ್ಷೆ, ಬಿಪಿ, ಇಸಿಜಿ ನೋಡಿ ಫಿಸಿಷಿಯನ್ ಫಿಟ್ನೆಸ್ ಬರೆಯಬೇಕು. ಶುಗರ್ 200ರ ಮೇಲಿದ್ದರೆ ಅನೇಕ ಕಡೆ ಮುಂದಕ್ಕೆ ಹಾಕುತ್ತಾರೆ. ಇದಕ್ಕೆ ಪರಿಹಾರವನ್ನು ಆಪರೇಷನ್ನಿನ ಹಿಂದಿನ ದಿನ ಊಟ ಬಿಟ್ಟು ಹುಡುಕಲಾಗದು. ಡೇಟ್ ಸಿಕ್ಕ ದಿನದಿಂದಲೇ ಹತ್ತಿರದ ಸರ್ಕಾರದ ನಮ್ಮ ಕ್ಲಿನಿಕ್‌ಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ಶುಗರ್, ಬಿಪಿ ನೋಡಿಸುತ್ತಿರಿ, ಮಾತ್ರೆ ಹೆಚ್ಚು ಕಡಿಮೆ ಮಾಡಬೇಕಿದ್ದರೆ ಅಲ್ಲಿನ ಡಾಕ್ಟರ್ ಮಾಡಲಿ. ದಿನಾಂಕ ಮತ್ತು ರೀಡಿಂಗ್ ಒಂದು ಹಾಳೆಯಲ್ಲಿ ಬರೆಯುತ್ತ ಹೋಗಿ. ಆ ಹಾಳೆಯನ್ನು ಫಿಟ್ನೆಸ್ ಬರೆಯುವವರ ಮುಂದೆ ಇಟ್ಟರೆ ಅವರಿಗೂ ಧೈರ್ಯ ಬರುತ್ತದೆ.

ಮೂರು ವಿಷಯಗಳನ್ನು ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಬೇಕು.

ಒಂದು, ಮೂತ್ರ ಸಲೀಸಾಗಿ ಹೋಗಲೆಂದು ವಯಸ್ಸಾದ ಗಂಡಸರಿಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ. ಇದನ್ನು ನುಂಗಿದವರ ಪಾಪೆ ಆಪರೇಷನ್ ನಡುವೆ ಕುಗ್ಗಬಹುದು, ಕಣ್ಣಿನೊಳಗಿನ ಬಣ್ಣದ ಪರದೆ ಸಡಿಲವಾಗಿ ಅಲುಗಾಡಬಹುದು. ಮೊದಲೇ ತಿಳಿದಿದ್ದರೆ ಸರ್ಜನ್ ಅದಕ್ಕೆ ತಯಾರಿ ಮಾಡಿಕೊಳ್ಳುತ್ತಾರೆ. ನುಂಗುವುದನ್ನು ಎಂದೋ ಬಿಟ್ಟಿದ್ದರೂ ಪರಿಣಾಮ ಉಳಿಯಬಹುದು, ಹಾಗಾಗಿ ಹಿಂದೆ ತೆಗೆದುಕೊಂಡಿದ್ದರೂ ಹೇಳಿ. ಯಜಮಾನರು ಸಂಕೋಚಪಟ್ಟು ಹೇಳದೇ ಇರುತ್ತಾರೆ; ಜೊತೆಗೆ ಹೋಗುವವರು ಸ್ಟ್ರಿಪ್ ತೋರಿಸಿಬಿಡಿ.

ಎರಡು, ರಕ್ತ ತೆಳುವಾಗಿಸುವ ಮಾತ್ರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು "ಆಪರೇಷನ್ ಇದೆಯಲ್ಲ" ಎಂದು ತಾವೇ ನಿಲ್ಲಿಸಿಬಿಡುತ್ತಾರೆ. ಇದು ಜೀವಕ್ಕೇ ಅಪಾಯ. ಕಣ್ಣಿನ ಡಾಕ್ಟರು ಮತ್ತು ಹೃದಯದ ಡಾಕ್ಟರು ಹೇಳಿದ ಹಾಗೆ ಮಾತ್ರ ಮಾಡಿ.

ಮೂರು, ಕೆಮ್ಮು ಅಥವಾ ಮಲಗಿದರೆ ಉಸಿರುಕಟ್ಟುವುದು. ಆಪರೇಷನ್ ವೇಳೆ ಅರ್ಧ ಗಂಟೆಯಾದರೂ ಅಂಗಾತ, ಅಲುಗಾಡದೆ ಮಲಗಬೇಕು. ಕಣ್ಣಿನೊಳಗೆ ಉಪಕರಣ ಇರುವಾಗ ಒಂದು ಕೆಮ್ಮು ಸಾಕು, ಪೆಟ್ಟಾಗಲು. ಮನೆಯಲ್ಲಿ ತೆಳು ದಿಂಬಿನ ಮೇಲೆ, ಮುಖಕ್ಕೆ ತೆಳ್ಳನೆಯ ಬಟ್ಟೆ ಹಾಕಿಕೊಂಡು ಅರ್ಧ ಗಂಟೆ ಮಲಗಿ ಅಭ್ಯಾಸ ಮಾಡಿ. ಥಿಯೇಟರಿನಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದಾಗ ಗಾಬರಿಯಾಗುವವರಿಗೆ ಇದು ತುಂಬಾ ನೆರವಾಗುತ್ತದೆ.

## ಹಂತ 7: ಲೆನ್ಸ್, ಖರ್ಚು, ಮಾಡುವವರು ಯಾರು ಎಂಬುದನ್ನು ಮಾತಾಡಿಕೊಳ್ಳಿ

ಮುಖ್ಯವಾಗಿ ಎರಡು ವಿಧಾನಗಳಿವೆ. ಎಸ್‌ಐಸಿಎಸ್‌ನಲ್ಲಿ 6 ಮಿಲಿಮೀಟರಿನ ಆಸುಪಾಸಿನ ಸೀಳು ಮಾಡಿ ಪೊರೆಯನ್ನು ಇಡಿಯಾಗಿ ಹೊರತೆಗೆದು, ಮಡಚಲಾಗದ ಗಟ್ಟಿ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಫೇಕೋದಲ್ಲಿ 3 ಮಿಲಿಮೀಟರಿಗಿಂತ ಚಿಕ್ಕ ಸೀಳಿನಲ್ಲಿ ಯಂತ್ರದಿಂದ ಪೊರೆಯನ್ನು ಪುಡಿ ಮಾಡಿ ಹೀರಿ, ಮಡಚುವ ಲೆನ್ಸ್ ಒಳಗೆ ಬಿಡುತ್ತಾರೆ. ಫೇಕೋದಲ್ಲಿ ಚೇತರಿಕೆ ಸ್ವಲ್ಪ ಬೇಗ, ಸೀಳಿನಿಂದ ಬರುವ ಕನ್ನಡಕದ ಅಡ್ಡ ನಂಬರ್ (ಸಿಲಿಂಡರ್) ಕಡಿಮೆ. ಆದರೆ ಗಟ್ಟಿಯಾಗಿ ಬಲಿತ ಪೊರೆಗೆ ಎಸ್‌ಐಸಿಎಸ್ ಬಹಳ ಒಳ್ಳೆಯ ವಿಧಾನ. "ಲೇಸರ್ ಅಲ್ಲ, ಹಳೆಯ ಪದ್ಧತಿ" ಎಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಫೇಕೋದಲ್ಲಿ ಕೆಲಸ ಮಾಡುವುದೂ ಲೇಸರ್ ಅಲ್ಲ, ಶಬ್ದತರಂಗ. ಸರಿಯಾಗಿ ಮಾಡಿದ ಎಸ್‌ಐಸಿಎಸ್‌ನಿಂದ ತಿಂಗಳೆರಡರಲ್ಲಿ ಬರುವ ದೃಷ್ಟಿ ಫೇಕೋಗೆ ಸರಿಸಮ ಎನ್ನುವಷ್ಟು ಚೆನ್ನಾಗಿರುತ್ತದೆ.

ಲೆನ್ಸ್ ವಿಷಯಕ್ಕೆ ಬಂದರೆ, ದೂರಕ್ಕೆ ಹೊಂದಿಸಿದ ಸಾದಾ ಲೆನ್ಸ್ ಸಾಕು. ಓದಲು, ಹೂ ಕಟ್ಟಲು ಕನ್ನಡಕ ಬೇಕಾಗುತ್ತದೆ ಅಷ್ಟೇ. ಹತ್ತಿರ ದೂರ ಎರಡೂ ಕಾಣಿಸುವ ಮಲ್ಟಿಫೋಕಲ್ ಲೆನ್ಸಿಗಾಗಿ ಸಾಲ ಮಾಡುವುದು ನನ್ನ ಮಟ್ಟಿಗೆ ಸರಿಯಲ್ಲ, ಕೆಲವರಿಗೆ ಅದರಲ್ಲಿ ರಾತ್ರಿ ದೀಪದ ಸುತ್ತ ಪ್ರಭೆ ಕಾಣಿಸುವ ತೊಂದರೆಯೂ ಇದೆ.

ಖರ್ಚು ಕೇಳುವಾಗ "ಒಟ್ಟು ಎಷ್ಟಾಗುತ್ತೆ?" ಎಂದಷ್ಟೇ ಕೇಳಿದರೆ ಅಸ್ಪಷ್ಟ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಲೆನ್ಸ್ ಸೇರಿದೆಯೇ? ರಕ್ತಪರೀಕ್ಷೆ, ಸ್ಕ್ಯಾನ್ ಸೇರಿದೆಯೇ? ಹಾಸಿಗೆ, ಊಟ? ಆಮೇಲಿನ ಹನಿ, ಕಪ್ಪು ಕನ್ನಡಕ? ಮೂರು ಭೇಟಿಗಳ ಚೀಟಿ? ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕೌಂಟರಿನವರ ಮುಂದೆಯೇ ಟಿಕ್ ಹಾಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಎಂದಿರುವುದಕ್ಕೆ ಯಾರಾದರೂ ಕೈಗೆ ದುಡ್ಡು ಕೇಳಿದರೆ ಕೊಡಬೇಡಿ, ರಸೀದಿ ಕೇಳಿ, ಸೂಪರಿಂಟೆಂಡೆಂಟ್ ಕಚೇರಿಗೆ ಹೋಗಿ ಹೇಳಿ. ಕೈಯಲ್ಲಿ ಸ್ವಲ್ಪ ಹಣ ಹೇಗೂ ಇರಲಿ, ಕೆಲವು ಹನಿಗಳನ್ನು ಹೊರಗೆ ಕೊಳ್ಳಬೇಕಾಗಿ ಬರಬಹುದು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಇನ್ನು ಎಲ್ಲರ ಮನಸ್ಸಿನಲ್ಲಿರುವ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಸ್ಟೂಡೆಂಟ್ ಕೈಯಲ್ಲಿ ಮಾಡಿಸುತ್ತಾರಾ? ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಡಾಕ್ಟರು ಭಾಗವಹಿಸುತ್ತಾರೆ. ಅವರು ಎಂಬಿಬಿಎಸ್ ಮುಗಿಸಿದ ಡಾಕ್ಟರು, ಪಕ್ಕದಲ್ಲಿ ಹಿರಿಯ ಸರ್ಜನ್ ಇರುತ್ತಾರೆ. ಕೇಳುವ ಹಕ್ಕು ನಿಮಗೆ ಖಂಡಿತ ಇದೆ. "ಮೇಡಂ, ಅಮ್ಮನಿಗೆ ಇನ್ನೊಂದು ಕಣ್ಣು ಮೊದಲೇ ಹೋಗಿದೆ, ಇದೊಂದೇ ಕಣ್ಣು ಉಳಿದಿರೋದು, ದೊಡ್ಡ ಡಾಕ್ಟ್ರೇ ಮಾಡಬಹುದಾ?" ಎಂದು ವಿನಯದಿಂದ ಕೇಳಿ. ಒಂದೇ ಕಣ್ಣಿನವರು, ತೀರಾ ಬಲಿತ ಪೊರೆ, ಟ್ಯಾಮ್ಸುಲೋಸಿನ್ ತೆಗೆದುಕೊಂಡವರು, ಹಿಂದೆ ಕಣ್ಣಿಗೆ ಪೆಟ್ಟಾದವರು, ಇವರ ಮಟ್ಟಿಗೆ ಈ ಮಾತನ್ನು ಕೇಳಲೇಬೇಕು.

## ಹಂತ 8: ಆಪರೇಷನ್ ದಿನ

ಹಿಂದಿನ ದಿನ ತಲೆಗೆ ಸ್ನಾನ ಮಾಡಿ. ಅಂದಿನಿಂದ ತಲೆಗೆ ಎಣ್ಣೆ ಬೇಡ, ಕಣ್ಣಿಗೆ ಕಾಡಿಗೆ ಬೇಡ, ಹಣೆಗೆ ಕುಂಕುಮ, ವಿಭೂತಿ ಬೇಡ. ಬಳೆ, ಓಲೆ, ಮೂಗುತಿ ಮನೆಯಲ್ಲೇ ತೆಗೆದಿಟ್ಟು ಬನ್ನಿ. ವರ್ಷಗಳಿಂದ ತೆಗೆಯದ ಮೂಗುತಿ ಆಸ್ಪತ್ರೆಯಲ್ಲಿ ಬಿಚ್ಚಲು ಹೋದರೆ ರಕ್ತ ಬರುವುದುಂಟು. ಉಪವಾಸ ಇರಬೇಕೇ, ತಿಂಡಿ ತಿನ್ನಬಹುದೇ, ಶುಗರ್ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಎಂಬುದನ್ನು ಹಿಂದಿನ ಭೇಟಿಯಲ್ಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಬಂದು ತಲೆಸುತ್ತಿ ಬಿದ್ದರೆ ಆಪರೇಷನ್ ಇರಲಿ, ಜೀವಕ್ಕೇ ಕುತ್ತು.

ಅಟೆಂಡರ್ ಒಬ್ಬರು ಇರಲೇಬೇಕು. ಅವರು ಓದಬಲ್ಲವರಾಗಿರಲಿ, ಫೋನ್ ಇರಲಿ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಬಲಗಣ್ಣೋ ಎಡಗಣ್ಣೋ ಏನು ಬರೆದಿದೆ ಎಂದು ಅಟೆಂಡರ್ ಓದಲಿ. ಸಿಸ್ಟರ್ ಆಪರೇಷನ್ ಆಗುವ ಕಣ್ಣಿನ ಮೇಲ್ಭಾಗದಲ್ಲಿ ಗುರುತು ಮಾಡುತ್ತಾರೆ, ಪ್ಲಾಸ್ಟರ್ ಅಂಟಿಸುತ್ತಾರೆ. ಅದು ಸರಿಯಾದ ಕಡೆ ಇದೆಯೇ ನೋಡಿ. ಥಿಯೇಟರಿನಲ್ಲಿ "ಯಾವ ಕಣ್ಣು ಅಜ್ಜಿ?" ಎಂದು ಮತ್ತೆ ಕೇಳಿದಾಗ ಕೈಯಿಂದ ಮುಟ್ಟಿ ತೋರಿಸದೆ, ಬಾಯಲ್ಲಿ ಹೇಳುವಂತೆ ಮೊದಲೇ ತಿಳಿಸಿಕೊಡಿ. ಅಷ್ಟು ಹೊತ್ತಿಗೆ ಕಣ್ಣಿನ ಸುತ್ತ ಶುಚಿ ಮಾಡಿರುತ್ತಾರೆ.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡುವಾಗ ಒತ್ತಿದಂತಾಗುತ್ತದೆ. ಆಮೇಲೆ ನೋವಿರುವುದಿಲ್ಲ, ಬೆಳಕು ಮತ್ತು ಮಾತು ಗೊತ್ತಾಗುತ್ತಿರುತ್ತದೆ. ಕೆಮ್ಮು ಬಂದರೆ, ನೋವಾದರೆ ಅಲುಗಾಡದೆ ಬಾಯಲ್ಲೇ ಹೇಳಬೇಕು.

## ಹಂತ 9: ಹನಿ ಹಾಕುವ ಆರು ವಾರ

ಆಪರೇಷನ್ ಮುಗಿಯಿತು, ಕೆಲಸ ಮುಗಿಯಿತು ಎಂದುಕೊಂಡವರು ಕೆಡುವುದು ಈ ಹಂತದಲ್ಲಿ. ಮರುದಿನ ಪಟ್ಟಿ ಬಿಚ್ಚಿ ಕಣ್ಣು ನೋಡುತ್ತಾರೆ, ಆ ಭೇಟಿ ತಪ್ಪಿಸಲೇಬಾರದು. ನಂತರ ಸೋಂಕು ತಡೆಯುವ ಹನಿ ಮತ್ತು ಊತ ಇಳಿಸುವ ಸ್ಟೀರಾಯ್ಡ್ ಹನಿ ಕೊಡುತ್ತಾರೆ. ಸ್ಟೀರಾಯ್ಡ್ ಹನಿಯನ್ನು ಅನೇಕ ಕಡೆ ಮೊದಲ ವಾರ ದಿನಕ್ಕೆ 6 ಸಲ, ಎರಡನೆಯ ವಾರ 5 ಸಲ, ಹೀಗೆ ಇಳಿಸುತ್ತ ಆರನೆಯ ವಾರ 1 ಸಲಕ್ಕೆ ತರುತ್ತಾರೆ. ನಿಮ್ಮ ಚೀಟಿಯಲ್ಲಿ ಏನಿದೆಯೋ ಅದೇ ಅಂತಿಮ. ಆರು ವಾರಕ್ಕೆ ಒಟ್ಟು 147 ಹನಿ ಆಯಿತು. 5 ಎಂಎಲ್ ಬಾಟಲಿಯಲ್ಲಿ ಸುಮಾರು 100 ಹನಿ, ಅದರಲ್ಲೂ ಕೆನ್ನೆಯ ಮೇಲೆ ಬೀಳುವುದೇ ಬಹಳ. ಅಂದರೆ ಒಂದು ಬಾಟಲಿ ಸಾಲುವುದಿಲ್ಲ. ಬಾಟಲಿ ಖಾಲಿಯಾಯಿತು, ಕಣ್ಣು ಚೆನ್ನಾಗಿದೆ ಎಂದು ಮೂರನೆಯ ವಾರಕ್ಕೇ ನಿಲ್ಲಿಸುವವರು ತುಂಬಾ ಮಂದಿ. ಹಾಗೆ ನಿಲ್ಲಿಸಿದರೆ ಕಣ್ಣಿನೊಳಗೆ ಊತ ಮತ್ತೆ ಕಾಣಿಸಿಕೊಳ್ಳಬಹುದು. ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕುವುದೂ ತಪ್ಪು, ಸ್ಟೀರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ತೆರೆದ ಬಾಟಲಿಯನ್ನು ಒಂದು ತಿಂಗಳ ಮೇಲೆ ಬಳಸಬೇಡಿ.

ಹಾಕುವ ರೀತಿ ಹೀಗೆ. ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಚೀಟಿಯಲ್ಲಿ ಕುಲುಕಿ ಹಾಕಿ ಎಂದಿದ್ದರೆ ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಹಿರಿಯರನ್ನು ಮಲಗಿಸಿ, ಮೇಲೆ ನೋಡಲು ಹೇಳಿ. ಕೆಳರೆಪ್ಪೆಯನ್ನು ಕೆನ್ನೆಯ ಕಡೆ ಮೆಲ್ಲಗೆ ಎಳೆದರೆ ಚಿಕ್ಕ ಜೇಬಿನಂತೆ ತೆರೆದುಕೊಳ್ಳುತ್ತದೆ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗದಂತೆ ಒಂದೇ ಹನಿ ಅದರೊಳಗೆ ಬಿಡಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಹಗುರವಾಗಿ ಒತ್ತಿಹಿಡಿಯಿರಿ, ಹನಿ ಗಂಟಲಿಗೆ ಇಳಿಯುವುದಿಲ್ಲ. ಎರಡನೆಯ ಔಷಧಿಗೆ 5 ನಿಮಿಷ ಬಿಡಿ. ಒಂದರ ಹಿಂದೆ ಒಂದು ಹಾಕಿದರೆ ಮೊದಲನೆಯದು ಕೊಚ್ಚಿಹೋಗುತ್ತದೆ. ಓದಲು ಬಾರದ ಅಜ್ಜಿಗೆ ಎರಡು ಬಾಟಲಿ ಗೊಂದಲವಾದರೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ, ಕ್ಯಾಲೆಂಡರಿನಲ್ಲಿ ಪ್ರತಿ ಹನಿಗೂ ಗೀಟು ಹಾಕಿಸಿ.

ಕಣ್ಣು ಉಜ್ಜುವುದು ಬೇಡ. ಡಾಕ್ಟರ್ ಹೇಳುವವರೆಗೆ ತಲೆಗೆ ನೀರು ಬೇಡ, ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಂದಿಗೆ ಎತ್ತುವುದು, ಬಗ್ಗಿ ಕಸ ಗುಡಿಸುವುದು, ಒಗ್ಗರಣೆ ಹೊಗೆಯ ಮುಂದೆ ನಿಲ್ಲುವುದು ಕೆಲವು ವಾರ ಬೇಡ. ರಾತ್ರಿ ನಿದ್ದೆಯಲ್ಲಿ ಕೈ ತಾಗದಂತೆ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಳ್ಳಿ. ಜೇನು, ಎದೆಹಾಲು, ಗುಲಾಬಿ ನೀರು ಏನನ್ನೂ ಕಣ್ಣಿಗೆ ಬಿಡಬೇಡಿ, ಎಷ್ಟೇ ಹಿರಿಯರು ಹೇಳಿದರೂ. ಟಿವಿ ನೋಡಬಹುದು, ಊಟಕ್ಕೆ ಪಥ್ಯವಿಲ್ಲ. ಪಥ್ಯವೆಂದು ಬರೀ ಗಂಜಿ ಕುಡಿದು ಶುಗರ್ ಏರುಪೇರಾಗುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ.

## ಹಂತ 10: ಅಪಾಯದ ಚಿಹ್ನೆ ಕಂಡರೆ ಅದೇ ದಿನ ಹೊರಡಿ

ಮೊದಲೆರಡು ದಿನ ಸ್ವಲ್ಪ ಕರಕರ, ನೀರು, ಕೆಂಪು ಸಹಜ. ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚಾಗುತ್ತಿದ್ದರೆ ತೊಂದರೆ ಇದೆ.

ನೋವು ಏರುವುದು, ನಿನ್ನೆ ಕಂಡಷ್ಟು ಇಂದು ಕಾಣದಿರುವುದು, ಕೆಂಪು ಜಾಸ್ತಿಯಾಗುವುದು, ರೆಪ್ಪೆ ಊದುವುದು, ಪಿಸುರು ಅಥವಾ ಕೀವು, ಇವು ಕಣ್ಣಿನೊಳಗಿನ ಸೋಂಕಿನ ಲಕ್ಷಣಗಳು. ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಕಣ್ಣಿನಲ್ಲಿ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳ ಹಿಂಡು, ಒಂದು ಕಡೆಯಿಂದ ಪರದೆ ಇಳಿದಂತೆ ಕಾಣುವುದು ಹಿಂಪರದೆ ಕಳಚುತ್ತಿರುವ ಸೂಚನೆ. ಇವುಗಳಲ್ಲಿ ಯಾವುದೇ ಇರಲಿ, ರಾತ್ರಿಯಾಗಿದ್ದರೂ ಭಾನುವಾರವಾಗಿದ್ದರೂ ಆಪರೇಷನ್ ಆದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಗಂಟೆಗಳ ಲೆಕ್ಕದಲ್ಲಿ ಕಣ್ಣು ಉಳಿಯುವುದು ಅಥವಾ ಹೋಗುವುದು ತೀರ್ಮಾನವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಹನಿ ಕೇಳಿ ತಂದು ಎರಡು ದಿನ ನೋಡೋಣ ಎನ್ನಬೇಡಿ.

2019ರ ಜುಲೈನಲ್ಲಿ ಮಿಂಟೋದಲ್ಲಿ ಪೊರೆ ತೆಗೆಸಿಕೊಂಡ ಹಲವರಿಗೆ ಸೋಂಕಾಗಿ ದೃಷ್ಟಿ ಹೋದ ಸುದ್ದಿ ಅನೇಕರ ಮನಸ್ಸಿನಲ್ಲಿದೆ, ಅದೇ ಭಯಕ್ಕೆ ಸರ್ಕಾರಿ ಆಸ್ಪತ್ರೆಯೇ ಬೇಡ ಎನ್ನುವವರಿದ್ದಾರೆ. ಸೋಂಕು ಅಪರೂಪ, ಯಾವ ಆಸ್ಪತ್ರೆಯಲ್ಲೂ ಆಗಬಹುದು, ದುಬಾರಿ ಆಸ್ಪತ್ರೆಯಲ್ಲೂ. ಹೆದರಿ ಕುರುಡಾಗಿ ಕೂರುವುದಕ್ಕಿಂತ ಈ ಚಿಹ್ನೆಗಳನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳುವುದು ಮೇಲು.

## ಹಂತ 11: ಕನ್ನಡಕ ಮತ್ತು ಇನ್ನೊಂದು ಕಣ್ಣು

ಕನ್ನಡಕದ ನಂಬರ್ ನಿಲ್ಲಲು 4–6 ವಾರ ಬೇಕು. ಹತ್ತನೆಯ ದಿನವೇ ಅಂಗಡಿಗೆ ಹೋಗಿ ಕನ್ನಡಕ ಮಾಡಿಸಿದರೆ ತಿಂಗಳಲ್ಲಿ ಅದು ಹೊಂದುವುದಿಲ್ಲ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ "ಮತ್ತೆ ಪೊರೆ ಬಂತು" ಎನ್ನುವಂತೆ ಮಂಜಾದರೆ ಗಾಬರಿ ಬೇಡ. ಪೊರೆ ಮತ್ತೆ ಬರುವುದಿಲ್ಲ. ಲೆನ್ಸಿನ ಹಿಂದಿನ ತೆಳುಪರದೆ ಮಸುಕಾಗಿರುತ್ತದೆ. ಯಾಗ್ ಲೇಸರಿನಿಂದ ಓಪಿಡಿಯಲ್ಲೇ ಕೆಲವು ನಿಮಿಷಗಳಲ್ಲಿ ಸರಿಮಾಡುತ್ತಾರೆ, ಅಡ್ಮಿಟ್ ಆಗಬೇಕಾಗಿಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಳಗೆ ಹಾಕಿದ ಲೆನ್ಸಿನ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರಲ್ಲಿ ಪವರ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಸ್ಟಿಕ್ಕರ್ ಇರದಿದ್ದರೆ ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಮೊದಲ ಕಣ್ಣು ಚೇತರಿಸಿಕೊಂಡ ಮೇಲೆ ಎರಡನೆಯ ಕಣ್ಣಿಗೆ ಡೇಟ್ ಕೇಳುವಾಗ ಆ ಹಾಳೆಯನ್ನೇ ಮುಂದಿಡಿ. ಮೊದಲ ಕಣ್ಣಿನ ಲೆನ್ಸ್ ಲೆಕ್ಕಕ್ಕೆ ಹೇಗೆ ಹೊಂದಿತು ಎಂದು ನೋಡಿ ಎರಡನೆಯದನ್ನು ಇನ್ನೂ ನಿಖರವಾಗಿ ಆರಿಸಲು ಅದು ನೆರವಾಗುತ್ತದೆ. ಚೀಲ, ಜೆರಾಕ್ಸ್, ಮಾತ್ರೆಯ ಪಟ್ಟಿ ಅದೇ ಸಾಕು. ರಕ್ತಪರೀಕ್ಷೆ ಮತ್ತು ಫಿಟ್ನೆಸ್ ಮಾತ್ರ ಹೊಸದಾಗಿ ಆಗಬೇಕು, ಹಾಗಾಗಿ ಡೇಟ್ ಕೇಳಲು ಹೋಗುವ ವಾರದಿಂದಲೇ ಶುಗರ್ ಬರೆಯುವ ಹಾಳೆಯನ್ನು ಮತ್ತೆ ಶುರು ಮಾಡಿ.